ಬಿಲ್ವನಗರದ ಗಪ್‌ಕಂಬ

ಮೈದಾನದಲ್ಲಿ ಏಳು ಮಕ್ಕಳು ಚೆಂಡಿನ ಹಿಂದೆ ಓಡುತ್ತಿದ್ದರು. ಬಾಯಿಗಳು ಅಗಲವಾಗಿ ತೆರೆದಿದ್ದವು, ಕತ್ತಿನ ನರಗಳು ಉಬ್ಬಿದ್ದವು. ಒಬ್ಬಳಂತೂ ಔಟಾದವನ ಮೂಗಿಗೆ ಬೆರಳು ಚಾಚಿ ಜಗಳಕ್ಕೇ ನಿಂತಿದ್ದಳು. ಸದ್ದು ಮಾತ್ರ ಇಲ್ಲ. ಮೈದಾನದ ಆಚೆ ಕಲ್ಲುಬೆಂಚಿನ ಮೇಲೆ ಕೂತವರಿಗೆ ಬೇವಿನ ಮರದ ಹಕ್ಕಿಗಳ ದನಿ ಕೇಳುತ್ತಿತ್ತು, ಪಕ್ಕದವರು ಚಹಾ ಹೀರುವ ಸೊರ್ ಸದ್ದೂ ಕೇಳುತ್ತಿತ್ತು. ಮಕ್ಕಳದು ಕೇಳುತ್ತಿರಲಿಲ್ಲ.

“ಏನ್ ಆರಾಮ ಅನಸ್ತೈತ್ರಿ ಮೇಡಂ! ನಿಮ್ಮಿಂದ ನಮ್ಮ ಕಿವಿ ಉಳದವು ನೋಡ್ರಿ,” ಎಂದರು ಅದ್ವಿಕಜ್ಜ. ಹುಬ್ಬಳ್ಳಿಯ ಬಿಲ್ವನಗರ ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು.

ಸುಮೇಧಾ ಬೆಟಗೇರಿಗೆ ಮೈಯೆಲ್ಲ ಉರಿಯಿತು. ಧ್ವನಿವಿಜ್ಞಾನಿಯಾದ ಅವಳು ಈ ಸದ್ದು ಅಡಗಿಸುವ ಯಂತ್ರವನ್ನು ಮಾಡಿದ್ದು ವಿದ್ಯುತ್ ಮಗ್ಗಗಳ ಶೆಡ್ಡಿಗೆ. ದಿನವಿಡೀ ಆ ಗದ್ದಲದಲ್ಲಿ ದುಡಿದು ನಲವತ್ತಕ್ಕೇ ಕಿವುಡಾಗುವ ನೇಕಾರರಿಗಾಗಿ. ಸದ್ದೆಂದರೆ ಗಾಳಿಯಲ್ಲಿ ಏಳುವ ಅಲೆ. ಆ ಅಲೆ ಏರುವ ಕ್ಷಣದಲ್ಲೇ ಅಷ್ಟೇ ಇಳಿಯುವ ಇನ್ನೊಂದು ಅಲೆಯನ್ನು ಎದುರಿಗೆ ಬಿಟ್ಟರೆ ಒಂದನ್ನೊಂದು ನುಂಗಿಕೊಂಡು ಗಾಳಿ ಸುಮ್ಮನಾಗುತ್ತದೆ. ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರಗಳಲ್ಲಿ ಇದು ಹಳೆಯ ಮಾತು. ಸುಮೇಧಾ ಅದನ್ನು ಕಂಬಗಳಿಗೇರಿಸಿ ಬಯಲಿಗೆ ತಂದಿದ್ದಳು. ಹಕ್ಕು ಕೊಂಡ ಕಂಪನಿ ಕಂಬಕ್ಕೆ ಬೇರೆಯದೇ ಪಾಠ ಕಲಿಸಿತು. ಮಕ್ಕಳ ಗಂಟಲಿನ ತಂತು ಗಿಡ್ಡ, ಹಾಗಾಗಿ ದನಿ ಕೀರಲು. ಕಂಬಕ್ಕೆ ಆ ಗುರುತು ಸಾಕಾಯಿತು. ಮೈದಾನದ ಸುತ್ತ ನೆಟ್ಟರೆ ಒಳಗಿನ ಮಕ್ಕಳ ದನಿ ಕಂಬದ ಸಾಲು ದಾಟಿ ಬರುವುದಿಲ್ಲ. ಜನ ಅದನ್ನು ಗಪ್‌ಕಂಬ ಎಂದರು.

ಮಗ್ಗದ ಶೆಡ್ಡುಗಳಿಗೆ ಕೊಂಡವರು ಬೆರಳೆಣಿಕೆಯಷ್ಟು. ಬಡಾವಣೆಗಳು ಮಾತ್ರ ನಾ ಮುಂದು ತಾ ಮುಂದು ಎಂದು ಬಿದ್ದವು. ಬೀಳದೆ ಏನು? ಅದು ೨೦೮೦ರ ಇಸವಿ. ಅದ್ವಿಕಜ್ಜ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ ದೇಶದ ನೂರು ಜನರಲ್ಲಿ ಕಾಲು ಭಾಗ ಮಕ್ಕಳಿದ್ದರು. ಈಗ ನೂರಕ್ಕೆ ಹತ್ತು, ಬಿಲ್ವನಗರದಲ್ಲಿ ಐದೂ ಇಲ್ಲ. ಮಕ್ಕಳು ಕಡಿಮೆಯಾದಷ್ಟೂ ದೊಡ್ಡವರ ಕಿವಿ ನಾಜೂಕಾಗುತ್ತ ಹೋಯಿತು. ಓಣಿ ತುಂಬ ಮಕ್ಕಳಿದ್ದಾಗ ಯಾರಿಗೂ ಕೇಳಿಸದ ಗದ್ದಲ, ಏಳೇ ಮಕ್ಕಳು ಉಳಿದಾಗ ತಲೆನೋವಾಯಿತು. ಇದಕ್ಕೆ ಏನನ್ನಬೇಕೋ!

“ಇದನ್ನ ಮಗ್ಗಕ್ಕಂತ ಮಾಡಿದ್ದೆ ನಾ. ಮಕ್ಕಳ ಬಾಯಿಗಂತ ಅಲ್ಲ,” ಎಂದಳು ಸುಮೇಧಾ. ಸನ್ಮಾನಕ್ಕೆಂದು ಕರೆಸಿಕೊಂಡಿದ್ದರು, ಕಂಬ ತೆಗೆಸಲು ಹೇಳಿಯೇ ಹೋಗಬೇಕೆಂದು ಅವಳು ಬಂದಿದ್ದಳು.

“ಮಗ್ಗ ಆದ್ರೇನವಾ, ಬಾಯಿ ಆದ್ರೇನವಾ? ಗದ್ಲ ಗದ್ಲನ,” ಎಂದು ಅದೇ ಬೆಂಚಿನಲ್ಲಿದ್ದ ಸಾನ್ವಿ ಅಜ್ಜಿ ನಕ್ಕರು.

ಅಂದು ಹೋಳಿ ಹುಣ್ಣಿಮೆ. ಕಾಮಣ್ಣನನ್ನು ಸುಡಲು ಮಕ್ಕಳು ಮೈದಾನದ ಮೂಲೆಯಲ್ಲಿ ಕಟ್ಟಿಗೆ ಒಟ್ಟಿದ್ದರು. ಕಾಮಣ್ಣನಿಗೆ ಕದ್ದ ಕಟ್ಟಿಗೆಯೇ ಆಗಬೇಕು, ಅದು ಈ ಸೀಮೆಯ ಹಳೇ ಕಟ್ಟಳೆ. ಕದ್ದದ್ದನ್ನು ಮುಂದಿನ ಓಣಿಯವರು ಕದಿಯದಂತೆ ಕಾಯಲೂ ಬೇಕು. ಆಟ ಮುಗಿಸಿ ಐದು ಮಕ್ಕಳು ಇನ್ನಷ್ಟು ಕಟ್ಟಿಗೆಗೆ ಹೊರಟರು. ಕಾವಲಿಗೆ ಉಳಿದವರು ಒಂಬತ್ತರ ನೀಲವ್ವ, ಅವಳ ತಮ್ಮ ಐದರ ಸಂಗಪ್ಪ. ಹಿರಿಯರು ಚಹಾದ ಎರಡನೇ ಸುತ್ತಿಗೆ ಕೈ ಹಾಕಿದರು.

ಸ್ವಲ್ಪ ಹೊತ್ತಿಗೆ ಕಟ್ಟಿಗೆಯ ರಾಶಿಯ ಹಿಂದೆ ನೀಲವ್ವನ ತಲೆ, ಹೆಗಲು ಕಾಣಿಸಿದವು. ಒಂದು ಕೈಯಿಂದ ಬಾಯಿ ಬಡಿದುಕೊಳ್ಳುತ್ತಿದ್ದಳು. ಕಾಮಣ್ಣ ಸತ್ತನೆಂದು ಮಕ್ಕಳು ಲಬೋ ಲಬೋ ಎಂದು ಹೊಯ್ಕೊಳ್ಳುವ ಆಟ ಅದು. ನೋಡಿದ್ದೇ ಬೆಂಚಿನವರ ಮುಖ ಅರಳಿತು.

“ಈಗ್ಲೇ ಸುರು ಮಾಡೇತಿ ನೋಡ್ರಿ ಕೂಸು! ಇನ್ನೂ ಬೆಂಕಿನ ಹಚ್ಚಿಲ್ಲ,” ಎಂದು ಅದ್ವಿಕಜ್ಜ ಕೈ ಬೀಸಿದರು. ಸಾನ್ವಿ ಅಜ್ಜಿ ತಾವೂ ಬಾಯಿಗೆ ಕೈ ತಂದು ಎರಡು ಸಲ ಬಡಿದುಕೊಂಡು ತೋರಿಸಿದರು. ಸುಮೇಧಾಳಿಗೂ ನಗು ಬಂತು. ಹುಡುಗಿ ಇನ್ನೂ ಜೋರಾಗಿ ಬಡಿದುಕೊಂಡಳು. ಹಿರಿಯರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಆದರೆ ಹೊಯ್ಕೊಳ್ಳುವ ಆಟಕ್ಕೆ ಕುಣಿತವೂ ಬೇಕಲ್ಲ ಎಂದು ಸುಮೇಧಾಳಿಗೆ ಹೊಳೆಯಿತು. ಇವಳು ಕೂತಲ್ಲಿಂದ ಅಲುಗುತ್ತಿಲ್ಲ, ಇನ್ನೊಂದು ಕೈ ಕಾಣುತ್ತಿಲ್ಲ. ಸುಮೇಧಾ ಚಹಾದ ಲೋಟ ಕೆಳಗಿಟ್ಟು ಎದ್ದಳು, ಆಮೇಲೆ ಓಡಿದಳು. ಕಂಬದ ಸಾಲು ದಾಟಿದ್ದೇ ತಡ, ಕೂಗು ಕಪಾಳಕ್ಕೆ ಬಾರಿಸಿದಂತೆ ಬಡಿಯಿತು.

“ಅಜ್ಜಾ ಬಾರೋ! ಯಾರರ ಬರ್ರಿ! ಸಂಗ್ಯಾ ಬಿದ್ದಾನ!”

ರಾಶಿಯ ಹಿಂದೆ ನೀರಿನ ಸಂಪು. ಅದರ ಬಾಯಿ ಮುಚ್ಚಿದ್ದ ಮರದ ಹಲಗೆಯೂ ಕಾಮಣ್ಣನ ಪಾಲಾಗಿತ್ತು. ನೀಲವ್ವ ಮಂಡಿಯೂರಿ ಒಂದು ಕೈಯಲ್ಲಿ ತಮ್ಮನ ಅಂಗಿಯ ಕೊರಳು ಹಿಡಿದಿದ್ದಳು. ಬಿಟ್ಟು ಓಡಿದರೆ ಅವನು ಮುಳುಗುತ್ತಾನೆ, ಕೂಗಿದರೆ ಯಾರಿಗೂ ಕೇಳದು. ಕಣ್ಣಿಗಾದರೂ ಕಾಣಲೆಂದು ಅವಳು ಬಾಯಿ ಬಡಿದುಕೊಂಡಿದ್ದಳು. ಸಂಗಪ್ಪನ ತಲೆ ಆಗಲೇ ವಾಲಿತ್ತು.

“ಓಡಿ ಬರ್ರೀ, ಕೂಸು ಸಂಪಿನ್ಯಾಗ ಬಿದ್ದೈತಿ!” ಎಂದು ಸುಮೇಧಾ ಅರಚಿದಳು. ದೊಡ್ಡವರ ದನಿಗೆ ಕಂಬದ ತಡೆಯಿಲ್ಲವಲ್ಲ, ಎಲ್ಲರಿಗೂ ಕೇಳಿತು. ಸುಳ್ಳು ಹೇಳಬಾರದು, ಎಲ್ಲರೂ ಬಿದ್ದೆದ್ದು ಓಡಿ ಬಂದರು. ಹುಡುಗನನ್ನು ಎಳೆದು ಮೇಲೆ ಹಾಕಿ ಎದೆ ಒತ್ತಿ ಉಸಿರು ತರಿಸಿದ್ದು ಅದ್ವಿಕಜ್ಜನೇ. ಅವರ ಕಣ್ಣಲ್ಲಿ ದಳದಳ ನೀರು.

ನೀಲವ್ವ ಅಳಲಿಲ್ಲ. ಅವರನ್ನೇ ನೋಡುತ್ತ, “ನೀ ನೋಡಿದಿ ಅಜ್ಜಾ. ನೋಡಿ ಕೈ ಬೀಸಿದಿ,” ಎಂದಳು.

ಸಂಗಪ್ಪ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಸಂಘದ ಸಭೆ ಸೇರಿತು. ಕಂಬಗಳನ್ನು ಇವತ್ತೇ ಕೀಳಬೇಕು ಎಂದಳು ಸುಮೇಧಾ. ನೀಲವ್ವನ ಕೈ ಹಿಡಿದು ಬಂದಿದ್ದ ತಾಯಿ ಇಂಚರಾ ಹೌದೆಂದಳು.

“ಕಂಬ ಏನ್ ಮಾಡ್ತ್ರಿ ಪಾಪ?” ಎಂದರು ಅದ್ವಿಕಜ್ಜ. “ಕೂಸು ಬಿದ್ದದ್ದು ಸಂಪಿನ್ಯಾಗ. ಅದಕ್ಕ ನಾವೆಲ್ಲಾ ಕೂಡಿ ವಿಚಾರ ಮಾಡೇವಿ. ಮಕ್ಕಳ ಜೀವ ದೊಡ್ಡದು. ಇನ್ನ ಮ್ಯಾಲೆ ಮೈದಾನಕ್ಕ ಕೀಲಿ ಹಾಕೂದು.”

ಸುಮೇಧಾ ತಾನು ತಪ್ಪು ಕೇಳಿಸಿಕೊಂಡೆನೆಂದುಕೊಂಡಳು. ಇಲ್ಲ, ಕೈಗಳು ಮೇಲೆದ್ದಿದ್ದವು. ಸಭಾಂಗಣದ ತುಂಬ ನರೆತ ತಲೆಗಳ ಮೇಲೆ ಕೈಗಳು. ವಿರೋಧ ಯಾರದು ಎಂದಾಗ ಎದ್ದದ್ದು ಇಂಚರಾಳದು, ಇನ್ನಿಬ್ಬರು ತಾಯಂದಿರದು, ನೀಲವ್ವನದು.

“ಸಣ್ಣವ್ರು ಕೈ ಎತ್ತಬಾರದವಾ, ಇಳಸು,” ಎಂದು ಸಾನ್ವಿ ಅಜ್ಜಿ ಪ್ರೀತಿಯಿಂದಲೇ ಹುಡುಗಿಯ ಕೈ ಇಳಿಸಿದರು.

“ನಾಚಿಕಿ ಬರೂದಿಲ್ಲೇನ್ರಿ ನಿಮಗ?” ಸುಮೇಧಾ ಎದ್ದು ನಿಂತಳು. “ಅಕಿ ಬಾಯಿ ಕಟ್ಟಿದ್ರಿ, ತಮ್ಮ ಸಾಯಾಕತ್ತಾಗ ಚಪ್ಪಾಳಿ ತಟ್ಟಿದ್ರಿ, ನಾನೂ ನಕ್ಕೆ! ಈಗ ಅಕಿಗೇ ಕೀಲಿ ಹಾಕ್ತೀರಿ. ನೀವು ಓಣಿ ತುಂಬ ಒದರಿ ಬೆಳದವ್ರಲ್ಲೇನು?”

ಅದ್ವಿಕಜ್ಜನಿಗೆ ಸಿಟ್ಟು ಬರಲಿಲ್ಲ. ಮುಖ ಸಣ್ಣದಾಯಿತು. “ಒದರಿದ್ವಿ ಖರೇ. ಆದ್ರ ನಮ್ಮನ್ನ ಯಾರ್ ಕೇಳಿದ್ರವಾ? ಬಾಯಿ ಬಿಟ್ರ ಗಪ್ ಕುಂದರ ಅಂತಿದ್ರು, ಎರಡು ಬಿಡ್ತಿದ್ರು. ಅವರ ಕೈಯಾಗ ಕಂಬ ಇರಲಿಲ್ಲ ಅಷ್ಟ. ಸಣ್ಣವ್ರು ಸುಮ್ಕಿರಬೇಕು ಅಂತ ನಾವು ಕಲತದ್ದು ಅವರಿಂದನ.”

ಮರುದಿನ ಮೈದಾನಕ್ಕೆ ಬೀಗ ಬಿತ್ತು.

ಈ ಮುದುಕನ ಮೇಲೆ ನಿಮಗೆ ಸಿಟ್ಟು ಬಂದಿರಬೇಕು. ಬರಲಿ. ಆದರೆ ನೀವು ಇದನ್ನು ಓದುತ್ತಿರುವ ಹೊತ್ತಿಗೆ ಅದ್ವಿಕನಿಗೆ ಹನ್ನೊಂದೋ ಹನ್ನೆರಡೋ ವಯಸ್ಸು. ನಿಮ್ಮ ಬೀದಿಯಲ್ಲೇ, ನಿಮ್ಮ ಮನೆಯಲ್ಲೇ ಇದ್ದಾನು. ಚೆಂಡು ಕಾರಿಗೆ ತಾಗಿತೆಂದು, ಫೋನಿನ ಮಾತು ಕೇಳಿಸುತ್ತಿಲ್ಲವೆಂದು ಇವತ್ತು ಸಂಜೆ ನೀವು ಅವನಿಗೆ ಗದರುತ್ತೀರಿ. ಅವನು ಏನೋ ಹೇಳಲು ಬಾಯಿ ತೆರೆಯುತ್ತಾನೆ. ನೀವು ಕೇಳುವುದಿಲ್ಲ. ಅವನು ತಲೆ ತಗ್ಗಿಸಿ ಸುಮ್ಮನೆ ಕೂತು ಕಲಿಯುತ್ತಾನೆ.