ಕಮಾನಿನ ಮೇಲಿನ ಹೆಸರು

ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ ಎಲ್ಲರೂ ಗುಂಡಗೆ ನಿಂತಿದ್ದರು. ಒಬ್ಬೊಬ್ಬರೇ ಹೆಸರು ಹೇಳಿಕೊಳ್ಳಿ ಎಂದು ಗೈಡ್ ಸಮತಾ ಹೇಳಿ ಮುಗಿಸುವಷ್ಟರಲ್ಲಿ ಉಮಾಮಹೇಶ್ವರಿಯ ಬೆನ್ನ ಹಿಂದೆ ಯಾರೋ ಮೆಲ್ಲಗೆ ಗಂಟಲು ಸರಿಮಾಡಿಕೊಂಡು, "ಶಶಿಧರ್ ಅಂತ. ಇಲ್ಲೇ, ಶಿವಮೊಗ್ಗದವನೇ" ಎಂದರು.

ಅವಳಿಗೆ ಗುರುತು ಹತ್ತಿತು.

ಆ ದನಿ. ಮಾತಿನ ಕೊನೆಯಲ್ಲಿ ಸಣ್ಣ ನಗುವೊಂದನ್ನು ಬಚ್ಚಿಟ್ಟುಕೊಳ್ಳುವ ದನಿ. ಹನ್ನೆರಡು ವರ್ಷದಿಂದ ಕೇಳಿರಲಿಲ್ಲ. ಇನ್ನೆಂದೂ ಕೇಳುವುದಿಲ್ಲ ಎಂದುಕೊಂಡಿದ್ದಳು. ತಿರುಗಿ ನೋಡಿದರೆ ಎತ್ತರದ ಮನುಷ್ಯ, ಕಿವಿಯ ಹತ್ತಿರ ನರೆತ ಕೂದಲು, ಹೆಗಲಿಗೆ ಬಟ್ಟೆಯ ಚೀಲ. ಆ ಮುಖವನ್ನು ಅವಳು ನೋಡುತ್ತಿದ್ದದ್ದು ಇದೇ ಮೊದಲು.

"ಮೇಡಂ, ನೀವು?"

ಬಾಯಿ ತೆರೆದಳು, ಉಸಿರಷ್ಟೇ ಬಂತು. ಕೈ ತಾನಾಗಿ ಗಂಟಲಿಗೆ ಹೋಯಿತು.

"ಗಂಟಲು ಕಟ್ಟಿದೆಯಾ? ಇರ್ಲಿ ಬಿಡಿ. ಇವರು ಉಮಾಮಹೇಶ್ವರಿ ಅಂತ" ಎಂದಳು ಸಮತಾ.

"ಕಾಳುಮೆಣಸು, ಕಲ್ಲುಸಕ್ಕರೆ ಇದೆ ನನ್ನ ಹತ್ರ" ಎಂದು ಶಶಿಧರ್ ಚೀಲಕ್ಕೆ ಕೈ ಹಾಕಿದ. ಅವಳು ಅದನ್ನು ಇಸಕೊಂಡು ತಲೆಯಾಡಿಸಿದಳು. ಮಾತಾಡಿದರೆ ದನಿಯಿಂದಲೇ ತಾನು ಯಾರೆಂದು ಅವನಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾಗಲಿ ಎಂಬ ಆಸೆಗಿಂತ, ಬೇಡ ಎಂಬ ಸಿಟ್ಟು ಹೆಚ್ಚಾಗಿತ್ತು.

ಒಂಟಿಯಾಗಿ ಬರುವವರಿಗೆಂದೇ ಮಾಡಿದ ಎರಡು ದಿನದ ನಡಿಗೆ ಅದು. ಮೊದಲ ದಿನ ಅರಮನೆ, ಕೋಟೆ ಬೀದಿ, ರಾಗಿಗುಡ್ಡ. ಮರುದಿನ ಭದ್ರಾವತಿಯ ಲಕ್ಷ್ಮೀನರಸಿಂಹನ ಗುಡಿ, ಕೊನೆಗೆ ಕೂಡ್ಲಿ. ನಡುವೆ ದೂರವಿದ್ದಲ್ಲಿ ಟೆಂಪೋ. ಹಿಂದಿನ ವರ್ಷ ತಾಯಿ ತೀರಿಕೊಂಡ ಮೇಲೆ ಉಮಾಮಹೇಶ್ವರಿ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. "ಮಾರಾಯ್ತಿ, ನಿಮ್ಮ ಬೀದಿ ಗುಡೀನಾದ್ರೂ ಬೇರೆಯವರ ಜೊತೆ ನೋಡು" ಎಂದು ಗೆಳತಿ ನಂಜಮ್ಮ ಬೈದು ಕಳಿಸಿದ್ದಳು.

ಅವಳಿಗೂ ಶಶಿಧರನಿಗೂ ಪರಿಚಯ ಆದದ್ದು ಎಸ್‌ಟಿಡಿ ಇನ್ನೂ ಬರದ ಕಾಲದಲ್ಲಿ. ಭದ್ರಾವತಿಯ ಎಕ್ಸ್‌ಚೇಂಜಿನಲ್ಲಿ ಅವಳು ಆಪರೇಟರ್, ಶಿವಮೊಗ್ಗದಲ್ಲಿ ಅವನು. ಟ್ರಂಕ್ ಕಾಲ್ ಕೊಡುವವರಿಗೆ ಹೆಸರಿಲ್ಲ, ಊರೇ ಹೆಸರು. "ಹಲೋ ಭದ್ರಾವತಿ" ಎನ್ನುತ್ತಿದ್ದ. "ಹೇಳಿ ಶಿವಮೊಗ್ಗ" ಎನ್ನುತ್ತಿದ್ದಳು. ಲೈನು ಖಾಲಿ ಇದ್ದಾಗ ತಿಂಡಿ ಆಯ್ತಾ ಎಂಬಲ್ಲಿಂದ ಶುರುವಾದ ಮಾತು, ನಿನ್ನೆ ಯಾಕೆ ದನಿ ಸಪ್ಪೆ ಇತ್ತು ಎನ್ನುವವರೆಗೆ ಬಂದಿತ್ತು.

"ಹೆಸರಾದ್ರೂ ಹೇಳ್ರೀ ಭದ್ರಾವತಿ."

"ಎದುರಿಗೆ ಬಂದು ಕೇಳಿ, ಹೇಳ್ತೀನಿ. ನರಸಿಂಹನ ಗುಡಿ ಬೀದಿ. ಎಕ್ಸ್‌ಚೇಂಜ್ ಹುಡುಗಿ ಮನೆ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ."

ಅಷ್ಟರಲ್ಲಿ ತಂಗಿಗೆ ಮದುವೆ ಗೊತ್ತಾಯಿತು. ಅಪ್ಪನಿಲ್ಲದ ಮನೆ, ಮೊದಲು ಅವಳದೇ ಆಗಲಿ ಎಂದವಳು ಉಮಾಮಹೇಶ್ವರಿಯೇ. ಗಂಡಿನ ಕಡೆಯವರು ಅವಸರ ಮಾಡಿದರು. ರಜೆ ಹಾಕುವ ದಿನ ಹೇಳಿ ಹೋಗೋಣವೆಂದು ಲೈನ್ ಎತ್ತಿದರೆ ಅವನು ಡ್ಯೂಟಿಯಲ್ಲಿರಲಿಲ್ಲ. ಮದುವೆ ಮುಗಿಸಿ ಬಂದು "ಹೇಳಿ ಶಿವಮೊಗ್ಗ" ಎಂದಾಗ ಅತ್ತಲಿಂದ ಬೇರೆ ಯಾರದೋ ದನಿ. "ಅವರಾ? ಕೇಳಿ ಟ್ರಾನ್ಸ್‌ಫರ್ ತಗೊಂಡ್ರಲ್ಲ, ಹಾಸನಕ್ಕೆ" ಎಂದಿತ್ತು.

ಹೋಗುವಾಗ ಒಂದು ಮಾತು ಹೇಳಲಿಲ್ಲ ಎಂಬುದು ಅವಳಿಗೆ ಆಮೇಲೂ ಆರದ ಗಾಯವಾಯಿತು. ಬಂದ ಸಂಬಂಧಗಳನ್ನೆಲ್ಲ ಒಂದೊಂದು ನೆಪ ಹೇಳಿ ಕಳಿಸಿದಳು. ನೆಪಗಳು ಮುಗಿಯುವ ಹೊತ್ತಿಗೆ ಸಂಬಂಧಗಳೂ ನಿಂತುಹೋಗಿದ್ದವು.

ಕೋಟೆ ಬೀದಿಯುದ್ದಕ್ಕೂ ಅವನು ಅವಳ ಪಕ್ಕದಲ್ಲೇ ನಡೆದ. ಮಾತು ಬಾರದವರ ಜೊತೆ ಮಾತಾಡುವುದು ಅವನಿಗೆ ಹಿಡಿಸಿದಂತಿತ್ತು.

"ನೀವು ಒಳ್ಳೆ ಜೊತೆಗಾರರು ನೋಡಿ. ನಾನು ಏನು ಹೇಳಿದ್ರೂ ಅಡ್ಡ ಮಾತಿಲ್ಲ."

ಅವಳು ಹುಬ್ಬು ಗಂಟಿಕ್ಕಿ ನೋಡಿದಳು.

"ಅಯ್ಯೋ, ಬಾಯಿಗಿಂತ ಕಣ್ಣೇ ಜೋರು ಮಾಡುತ್ತೆ" ಎಂದು ನಕ್ಕ. ಅವಳು ಬೇಗ ಮುಖ ತಿರುಗಿಸಿದಳು. ಸಿಟ್ಟು ಮಾಡಿಕೊಂಡಿರುವವಳಿಗೆ ನಗು ಬರಬಾರದು.

ಸಂಜೆ ರಾಗಿಗುಡ್ಡದ ಬಂಡೆಯ ಮೇಲೆ ಕೂತಾಗ ಅವನು ಊರಿನತ್ತ ಕೈ ತೋರಿಸಿದ. "ಅಲ್ಲಿ ಆಲ್ಕೊಳದಲ್ಲಿ ನಮ್ಮಕ್ಕನ ಮನೆ. ಮಗಳನ್ನ ಅಲ್ಲಿ ಬಿಟ್ಟು ಬಂದಿದೀನಿ. ನೀನೂ ಒಂದೆರಡು ದಿನ ಮನುಷ್ಯರ ಜೊತೆ ಓಡಾಡು ಅಂತ ಅಕ್ಕನೇ ತಳ್ಳಿದ್ದು."

ಮಗಳು. ಕಲ್ಲುಸಕ್ಕರೆ ಅವಳ ಬಾಯಲ್ಲಿ ಹಾಗೇ ನಿಂತಿತು. ಮದುವೆಯಾಗಿರುತ್ತಾನೆ, ಆಗದೆ ಏನು? ಇಷ್ಟು ವರ್ಷ ಆ ಮಾತನ್ನೇಕೆ ಒಮ್ಮೆಯೂ ಯೋಚಿಸಿರಲಿಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

"ತಾಯಿ ಇಲ್ಲ ಅದಕ್ಕೆ. ನನ್ನ ಹೆಂಡತಿ ಹೋಗಿ ಆರು ವರ್ಷ ಆಯ್ತು, ಕಾಯಿಲೆ ಬಿದ್ದು" ಎಂದ ಅವನು. ಮತ್ತೆ ಊರಿನ ಕಡೆ ನೋಡಿ, "ಅಕ್ಷಯಾ ಅಂತ ಹೆಸರು, ಮಗಳದು" ಎಂದ.

ಅವಳು ಬೆಚ್ಚಿದಳು. ಅದು ಅವಳ ತಂಗಿಯ ಹೆಸರು. ಊರಲ್ಲಿ ಎಷ್ಟೋ ಅಕ್ಷಯಾಗಳಿರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಗುಡ್ಡ ಇಳಿದಳು.

ಮರುದಿನ ಬೆಳಿಗ್ಗೆ ಭದ್ರಾವತಿಯಲ್ಲಿ ಟೆಂಪೋ ಇಳಿದಾಗ ಅವಳು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡಳು. ಸ್ವಂತ ಬೀದಿಯಲ್ಲಿ ಕಳ್ಳಿಯ ಹಾಗೆ ನಡೆಯುವ ಸ್ಥಿತಿ. ಸಮತಾ ಮತ್ತು ಉಳಿದವರು ಗುಡಿಯ ಬಾಗಿಲು ತಲುಪಿದ್ದರು. ಶಶಿಧರ್ ಮಾತ್ರ ಹಿಂದೆ ಉಳಿದು ಒಂದು ಮನೆಯ ಮುಂದೆ ನಿಂತುಬಿಟ್ಟ.

ನೀಲಿ ಬಾಗಿಲು. ಗೇಟಿನ ಪಕ್ಕ ದಾಸವಾಳ. ಅವಳ ಮನೆ.

"ಇದೇ" ಎಂದ ಅವನು, ತನಗೇ ಹೇಳಿಕೊಳ್ಳುವಂತೆ. ಆಮೇಲೆ ಅವಳತ್ತ ನೋಡಿದ. "ನಿಮಗೆ ಹೇಳಬಹುದು, ನೀವು ಯಾರಿಗೂ ಹೇಳೋ ಹಾಗಿಲ್ಲ. ಈ ಮನೆ ಹುಡುಗಿ ಹತ್ರ ದಿನಾ ಮಾತಾಡ್ತಿದ್ದೆ, ಫೋನಲ್ಲಿ. ಹೆಸರು ಗೊತ್ತಿರಲಿಲ್ಲ. ಎದುರಿಗೆ ಬಂದು ಕೇಳಿ ಅಂದಿದ್ರು. ಧೈರ್ಯ ಮಾಡಿ, ಹೊಸ ಶರ್ಟ್ ಹಾಕ್ಕೊಂಡು ಬಂದೆ ಒಂದಿನ."

ಬಂದಿದ್ದನಾ?

"ಬೀದಿ ತುದೀಲಿ ಕೇಳ್ದೆ, ಎಕ್ಸ್‌ಚೇಂಜ್ ಹುಡುಗಿ ಮನೆ ಯಾವ್ದು ಅಂತ. ಅಗೋ ಚಪ್ಪರ ಹಾಕಿದಾರಲ್ಲ, ಮದುವೆ ಮನೆ, ಅದೇ ಅಂದ್ರು. ಕಮಾನಿನ ಮೇಲೆ ದಪ್ಪ ಅಕ್ಷರದಲ್ಲಿ ಬರ್ದಿತ್ತು. ಚಿ. ಸೌ. ಅಕ್ಷಯಾ." ಅವನು ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಹೆಸರು ಕೇಳೋಕೆ ಬಂದಿದ್ದೆ. ಕೇಳದೇನೇ ಸಿಕ್ತು. ಹಾಗೇ ವಾಪಸ್ ಹೋದೆ."

ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು. ಅವಳು ನಿಂತಲ್ಲೇ ನಿಂತಿದ್ದಳು. ಹನ್ನೆರಡು ವರ್ಷ ಯಾರನ್ನು ದೂರಿದೆನೋ ಅವನು ಈ ಗೇಟಿನ ತನಕ ಬಂದು ಹೋಗಿದ್ದಾನೆ.

"ಅಕ್ಷಯಾ ನನ್ನ ತಂಗಿ" ಎಂದಳು.

ಅವನು ತಿರುಗಲಿಲ್ಲ. ಆ ಮಾತಿನ ಅರ್ಥ ಅವನಿಗೆ ಇನ್ನೂ ಮುಟ್ಟಿರಲಿಲ್ಲ, ದನಿ ಮಾತ್ರ ಮುಟ್ಟಿತ್ತು. ಒಂದು ಕೈ ಮೆಲ್ಲನೆ ಕಾಂಪೌಂಡಿನ ಗೋಡೆ ಹಿಡಿಯಿತು.

"ಇನ್ನೊಂದ್ಸಲ ಹೇಳಿ" ಎಂದ, ಕೇಳಿಸಿತೋ ಇಲ್ಲವೋ ಎಂಬಂತೆ.

"ಅಕ್ಷಯಾ ನನ್ನ ತಂಗಿ, ಶಿವಮೊಗ್ಗ. ಅವತ್ತಿನ ಮದುವೆ ಅವಳದು. ನೀವು ಇಲ್ಲಿ ನಿಂತಿದ್ದಾಗ ನಾನು ಹಿತ್ತಲಲ್ಲಿ ಎಲೆ ಒರೆಸ್ತಾ ಕೂತಿದ್ದೆ."

ಅವನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತ. ಇಬ್ಬರನ್ನೂ ಕರೆಯಲು ಬಂದ ಉಜ್ಜನಪ್ಪ, ಗುಂಪಿನಲ್ಲಿದ್ದ ನಿವೃತ್ತ ಮೇಷ್ಟ್ರು, ಅರ್ಧ ದಾರಿಯಲ್ಲೇ ನಿಂತರು. "ಅಲ್ಲಾ, ಇವರಿಗೆ ಮಾತು ಬರುತ್ತಲ್ರೀ" ಎಂದು ಗಾಬರಿಯಿಂದ ಹೇಳಿ, ಇಬ್ಬರ ಮುಖ ನೋಡಿ, ಬಂದ ಹಾಗೆಯೇ ಹಿಂದಕ್ಕೆ ಹೋದರು.

"ನನ್ನ ಮಗಳಿಗೆ..." ಎಂದ ಶಶಿಧರ್. "ನಿಮ್ಮ ಹೆಸರು ಅಂತ ಇಟ್ಟಿದ್ದು."

"ನಿಮ್ಮ ಹೆಂಡತಿಗೆ ಗೊತ್ತಿತ್ತಾ?"

"ಮದುವೆಗೆ ಮುಂಚೆನೇ ಎಲ್ಲ ಹೇಳಿದ್ದೆ. ಮಗು ಆದಾಗ ಅವಳೇ ಅಂದ್ಲು, ಆ ಹೆಸರು ಚೆನ್ನಾಗಿದೆ, ಅದನ್ನೇ ಇಡೋಣ ಅಂತ. ಅಂಥ ಹೆಂಗಸು ಅವಳು."

ಉಮಾಮಹೇಶ್ವರಿಯ ಕಣ್ಣು ತುಂಬಿತು. ಯಾರಿಗಾಗಿ ಎಂದು ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಸಿಟ್ಟು ಮಾತ್ರ.

"ಇಡೀ ಜಿಲ್ಲೆಗೆ ಲೈನ್ ಕೊಡ್ತಿದ್ರಿ. ನಿಮಗೆ ನೀವೇ ಒಂದು ಲೈನ್ ಹಾಕ್ಕೊಂಡು, ಮದುವೆ ಯಾರದ್ದು ಅಂತ ಕೇಳೋಕಾಗ್ಲಿಲ್ವಾ?"

"ಮದುವೆ ಆದ ಹುಡುಗಿ ಹತ್ರ ಏನಂತ ಕೇಳ್ಲಿ?"

ಅವಳು ಗುಡಿಯ ಕಡೆಗೆ ನಡೆದುಬಿಟ್ಟಳು. ಹೊಯ್ಸಳರ ನಕ್ಷತ್ರದಾಕಾರದ ಜಗಲಿ, ಮೂರು ಗರ್ಭಗುಡಿ ಎಂದು ಸಮತಾ ವಿವರಿಸುತ್ತಿದ್ದಳು. ಒಂದಕ್ಷರವೂ ಅವಳ ಕಿವಿಗೆ ಬೀಳಲಿಲ್ಲ. ಗೋಡೆಯ ಕಲ್ಲಿಗೆ ಅಂಗೈ ಒತ್ತಿ ನಿಂತೇ ಇದ್ದಳು. ಹಾಸನಕ್ಕೆ ಲೈನ್ ಹಾಕಿ ಕೇಳಲು ತನಗಾದರೂ ಯಾರು ಅಡ್ಡ ಬಂದಿದ್ದರು ಎಂಬ ಯೋಚನೆ ಅಲ್ಲೇ, ಆ ತಣ್ಣನೆಯ ಕಲ್ಲಿನ ಬಳಿಯೇ, ಮೊದಲ ಸಲ ಬಂದದ್ದು.

ಕೂಡ್ಲಿ ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಉಳಿದವರು ರಾಮೇಶ್ವರನ ಗುಡಿ ನೋಡಲು ಹೋದರು. ಅವಳು ತುಂಗೆಯೂ ಭದ್ರೆಯೂ ಸೇರುವಲ್ಲಿ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಳು. ಶಶಿಧರ್ ಬಂದು, ಕೂರಲೋ ಬೇಡವೋ ಎಂದು ಅನುಮಾನಿಸಿ, ಒಂದು ಮೆಟ್ಟಿಲು ಮೇಲೆ ಕೂತ.

"ಉಮಾಮಹೇಶ್ವರಿ" ಎಂದ, ಹೊಸ ರುಚಿಯೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು ನೋಡುವಂತೆ. "ಉದ್ದ ಇದೆ."

"ಉಮಾ ಅನ್ನಿ."

"ಉಮಾ. ಕೋಪ ಇನ್ನೂ ಇದೆಯಾ?"

"ಇದೆ. ನಿಮ್ಮ ಮೇಲೆ ಮುಕ್ಕಾಲು, ನನ್ನ ಮೇಲೆ ಕಾಲು. ಇವತ್ತು ಬೈದ್ರೆ ಮುಗಿಯೋದಲ್ಲ."

"ನಾಳೆ ಬರ್ತೀನಿ, ಬೈಸ್ಕೊಳ್ಳೋಕೆ."

"ನಾಳೆಗೂ ಮುಗಿಯಲ್ಲ."

"ಎಷ್ಟು ದಿನ ಬೇಕಾಗಬಹುದು?"

"ನಮ್ಮಿಬ್ಬರಿಗೂ ಹಲ್ಲು ಉದುರೋವರೆಗೆ."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ಹೊಳೆಯಿತು. ಕಿವಿಯ ತುದಿಯವರೆಗೆ ಬಿಸಿಯೇರಿತು. ನೀರನ್ನೇ ನೋಡುತ್ತಾ ಕೂತಳು. ಧೈರ್ಯ ಮಾಡಿ ಕತ್ತೆತ್ತಿದರೆ ಅವನು ಚಿಕ್ಕ ಮಗುವಿನ ಹಾಗೆ ಮುಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಹಾಗಾದ್ರೆ" ಎಂದ, "ನಮ್ಮನೇಲೇ ಇದ್ದು ಬೈಯಿರಿ. ದಿನಾ ಬಸ್ಸು ಹತ್ತೋದು ನನಗೂ ಕಷ್ಟ."

ಅವಳು ಕೈ ಚಾಚಿದಳು. ಮೆಟ್ಟಿಲು ಜಾರುತ್ತಿತ್ತು. ಅವನು ಆ ಕೈ ಹಿಡಿದು ಎಬ್ಬಿಸಿದ, ಮೇಲೆ ಬಂದ ಮೇಲೂ ಬಿಡಲಿಲ್ಲ.

ಟೆಂಪೋದ ಹತ್ತಿರ ಸಮತಾ ಎಲ್ಲರನ್ನೂ ಹತ್ತಿಸುತ್ತಿದ್ದಳು. ಇಬ್ಬರ ಕೈಗಳನ್ನು ನೋಡಿ ಅವಳ ಮಾತು ಒಂದು ಕ್ಷಣ ತಡವರಿಸಿತು. "ಮೇಡಂ, ನಿಮ್ಮನೆ ಭದ್ರಾವತೀಲೇ ಅಂತೆ, ನಿಮ್ಮ ಮಾತು ಕಿವಿಗೆ ಬಿತ್ತು ಅಂತ ಉಜ್ಜನಪ್ಪನವರು ಹೇಳಿದ್ರು. ಅಲ್ಲೇ ಬಿಡೋದಾ?"

"ಬೇಡಮ್ಮ, ಆಲ್ಕೊಳಕ್ಕೆ ಬರ್ತೀನಿ" ಎಂದಳು ಉಮಾ. "ಅಲ್ಲೊಂದು ಮಗೂಗೆ ತಪ್ಪಿ ನನ್ನ ತಂಗಿ ಹೆಸರು ಇಟ್ಟಿದಾರೆ. ಹೋಗಿ ನೋಡ್ಬೇಕು."

ಉಜ್ಜನಪ್ಪ ತಮ್ಮ ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿ, ಮುಂದೆ ಇಬ್ಬರಿಗೆ ಜಾಗ ಬಿಟ್ಟರು.