ಎಲ್ವಿರಾ ಕೊಟ್ಟ ಗರಿ

ಮೊದಲ ಗುದ್ದು ಬಿದ್ದಾಗ ಫ್ರೊಯಿಲಾನ್‌ನ ಗಾಳಕ್ಕೆ ಮೀನು ಆಗಷ್ಟೇ ಕಚ್ಚಿತ್ತು. ಇನ್ನೊಂದು ಬೀಳುವಷ್ಟರಲ್ಲಿ ಮೀನೂ ಹೋಗಿತ್ತು, ಗಾಳದ ಕೋಲೂ ಮುರಿದಿತ್ತು.

"ಕಳ್ಳ ನನ್ಮಗನೆ! ನಮ್ಮ ಹುಂಜದ ಗರಿ ನಿನ್ನ ಟೋಪಿ ಮೇಲೆ ಹೆಂಗೆ ಬಂತೋ?"

ಗುದ್ದಿದವನು ಹೆನಾರೊ, ಎಲ್ವಿರಾಳ ಅಣ್ಣ. ಅಣ್ಣನಿಗೆಂದು ರೊಟ್ಟಿ, ಸಾಸೇಜು ತಂದಿದ್ದ ಎಲ್ವಿರಾ ಬುಟ್ಟಿ ಹಿಡಿದು ಸೇತುವೆಯ ಮೇಲೆ ನಿಂತುಬಿಟ್ಟಳು. ಆ ಗರಿ ಕೊಟ್ಟವಳು ಅವಳೇ.

ಕುರುಎನ್ಯೊ ನದಿಯ ಕಣಿವೆಯಲ್ಲಿ ಹುಂಜ ಸಾಕುವುದು ಸಾರಿಗಲ್ಲ, ಗರಿಗೆ. ಟ್ರೌಟ್ ಮೀನನ್ನು ಮರುಳು ಮಾಡಲು ಗಾಳದ ಕೊಕ್ಕೆಗೆ ಸಿಕ್ಕಿಸುವ ಹುಸಿನೊಣವನ್ನು ಆ ಗರಿಯಿಂದಲೇ ಕಟ್ಟಬೇಕು. ವಸಂತದಲ್ಲಿ ನೀರಿನಿಂದ ಮೇಲೇಳುವ ಹುಳುಗಳ ರೆಕ್ಕೆಯ ಬಣ್ಣ ಬೇರೆ ಗರಿಗೆ ಬರುವುದಿಲ್ಲ. ಅದೇ ಹುಂಜವನ್ನು ಗುಡ್ಡದಾಚೆ ಒಯ್ದು ಸಾಕಿದರೆ ಹೊಳಪು ಸತ್ತುಹೋಗುತ್ತದೆ ಅನ್ನುತ್ತಾರೆ. ಮನೆಮನೆಗೂ ತನ್ನದೇ ತಳಿ. ಗರಿ ನೋಡಿದರೆ ಸಾಕು, ಯಾರ ಅಂಗಳದ್ದೆಂದು ಗೊತ್ತಾಗುತ್ತದೆ. ಎಲ್ವಿರಾಳ ಮನೆಯವರಂತೂ ಹೊರಗಿನವರಿಗೆ ಗರಿ ಕೊಟ್ಟವರೇ ಅಲ್ಲ. ಆ ಮನೆಯ ಹುಡುಗಿ ಯಾರಿಗಾದರೂ ಮುತ್ತು ಕೊಟ್ಟರೆ ಊರು ನಕ್ಕು ಸುಮ್ಮನಾದೀತು. ಗರಿ ಕೊಟ್ಟರೆ ಮುಗಿಯಿತು, ತನ್ನನ್ನೇ ಕೊಟ್ಟ ಹಾಗೆ.

ಕೊಟ್ಟದ್ದು ಇದೇ ದಂಡೆಯಲ್ಲಿ, ಹಿಮ ಕರಗತೊಡಗಿದ ದಿನಗಳಲ್ಲಿ.

"ಇದೇನು, ನೊಣನೋ ಕಸಬರಿಕೆನೋ?" ಎಂದು ಫ್ರೊಯಿಲಾನ್‌ನ ಗಾಳ ಹಿಡಿದು ನಕ್ಕಿದ್ದಳು.

"ಗುಡ್ಡದಾಚೆಯವ್ರು ನಾವು. ನಮ್ಮ ಮೀನಿಗೆ ಇಷ್ಟು ಸಾಕು."

"ಇಲ್ಲಿಯವಕ್ಕೆ ಸಾಕಾಗಲ್ಲಪ್ಪ. ಸ್ವಲ್ಪ ಜಂಬ ಜಾಸ್ತಿ."

"ಮೀನಿಗೆ ಮಾತ್ರನಾ?"

ಅವಳು ಜೇಬಿನಿಂದ ಗರಿ ತೆಗೆದು ಅವನ ಬೆರಳಿಗೆ ಸುತ್ತಿದಳು. ಬಿಸಿಲಿಗೆ ಅದು ಜೇನಿನ ಹಾಗೆ ಹೊಳೆಯಿತು. ಅವನ ಕಣ್ಣು ಮಾತ್ರ ಗರಿಯ ಮೇಲಿರಲಿಲ್ಲ. ಎಲ್ವಿರಾ ಕಿವಿಯ ತುದಿಯವರೆಗೂ ಕೆಂಪಾದಳು.

"ನಾನು ಕೊಟ್ಟೆ ಅಂತ ಯಾರಿಗೂ ಹೇಳ್ಬೇಡ. ಆಣೆ ಮಾಡು."

ಮಾಡಿದ್ದ. ಹೇಳಬೇಡ ಎಂದಿದ್ದಳೇ ಹೊರತು ತೋರಿಸಬೇಡ ಎಂದಿರಲಿಲ್ಲವಲ್ಲ! ಆ ಮಹಾರಾಯ ಗರಿಯನ್ನು ಚೆಂದದ ನೊಣ ಮಾಡಿ, ಟೋಪಿಗೆ ಸಿಕ್ಕಿಸಿಕೊಂಡು ಬಂದಿದ್ದ.

"ಬೊಗಳೋ! ಕದ್ದೆ ತಾನೆ?" ಹೆನಾರೊ ಅವನ ಕೊರಳಪಟ್ಟಿ ಹಿಡಿದು ಜಗ್ಗಿದ.

ಫ್ರೊಯಿಲಾನ್ ಒಮ್ಮೆ ಸೇತುವೆಯತ್ತ ನೋಡಿದ. ಮೂಗಿನಿಂದ ರಕ್ತ ಸುರಿಯುತ್ತಿತ್ತು.

"ಹೌದು. ಕದ್ದೆ."

ಎಲ್ವಿರಾಳಿಗೆ ಗೊತ್ತಿತ್ತು: ಸುಮ್ಮನಿದ್ದರೆ ಮನೆ ಉಳಿಯುತ್ತದೆ, ಅಂಗಳ ಉಳಿಯುತ್ತದೆ; ಅವನು ನಾಲ್ಕು ಏಟು ತಿಂದು ಗುಡ್ಡ ಹತ್ತಿ ಹೋಗುತ್ತಾನೆ. ಅವಳು ಸುಮ್ಮನಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೆನಾರೊ ಹೊಟ್ಟೆಗೆ ಒದ್ದ. ಫ್ರೊಯಿಲಾನ್ ನೀರಂಚಿಗೆ ಉರುಳಿದ.

"ಕದ್ದ ಕೈ ಯಾವ್ದೋ? ಇದಾ?" ಬಂಡೆಯ ಮೇಲಿದ್ದ ಕೈಯನ್ನು ಬೂಟಿನಿಂದ ತುಳಿದು ಹೊಸಕಿದ. ಬೆರಳುಗಳು ಒಣಕಡ್ಡಿಯ ಹಾಗೆ ಲಟಕ್ಕೆಂದವು. ಚೀರಲು ತೆರೆದ ಬಾಯಿಯನ್ನು, ತಲೆಗೂದಲು ಹಿಡಿದು ಹಿಮದ ನೀರಿಗೆ ಅದುಮಿದ. ಎತ್ತಿ, ಮತ್ತೆ ಅದುಮಿದ. ಕೆಂಪು ನೊರೆ ಎದ್ದಿತು. ಬಡಿಯುತ್ತಿದ್ದ ಕಾಲುಗಳು ನಿಧಾನವಾದವು.

ಬುಟ್ಟಿ ಎಲ್ಲಿ ಬಿತ್ತೋ, ಸೇತುವೆಯಿಂದ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಅಣ್ಣ ಹೊಳೆಗೆ ಇಳಿಯುವಾಗ ಊರುವ ದಪ್ಪ ಕೋಲು ದಂಡೆಯಲ್ಲಿತ್ತು. ಎತ್ತಿ ಬೀಸಿದಳು. ಹೆನಾರೊನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು, ಕೈ ಸಡಿಲವಾಯಿತು.

"ನಾನೇ ಕೊಟ್ಟಿದ್ದು ಕಣೋ! ನಾನೇ! ನನ್ನ ಹುಂಜ, ನನ್ನ ಗರಿ!"

ಅಷ್ಟರಲ್ಲಿ ಸೆಳವು ಫ್ರೊಯಿಲಾನ್‌ನನ್ನು ಎಳೆದುಕೊಂಡಿತು. ಅವಳು ಹಾರಿದಳು. ಬಂಡೆಗೆ ಬಡಿದು ಮೊಣಕಾಲಿನ ಚರ್ಮ ಸುಲಿಯಿತು. ಅವನ ಅಂಗಿಯನ್ನು ಹಲ್ಲು ಕಚ್ಚಿ ಹಿಡಿದು, ಹೇಗೋ ದಂಡೆಗೆ ತಂದು, ಬೆನ್ನಿಗೆ ಗುದ್ದಿದಳು. ಅವನು ನೀರು ಕಕ್ಕಿದ. ಅವಳು ಅತ್ತಳು, ಅಳುತ್ತಲೇ ಗುದ್ದಿದಳು.

ಹೆನಾರೊ ಕಣ್ಣೊರೆಸಿಕೊಂಡು ಎದುರು ನಿಂತ. "ಯಾರಿಗೆ ಹೊಡ್ದೆ ಗೊತ್ತೇನೇ?"

"ಗೊತ್ತು ಅಣ್ಣ. ಇವನ್ನ ಮತ್ತೆ ಮುಟ್ಟಿದ್ರೆ ಮತ್ತೆ ಹೊಡೀತೀನಿ."

ಹೆನಾರೊ ಅವಳನ್ನೇ ನೋಡಿದ. "ಹಾಗಾದ್ರೆ ಅವನ ಜೊತೆ ಗುಡ್ಡ ಹತ್ತು. ನಮ್ಮ ಹೊಸ್ತಿಲು ತುಳೀಬೇಡ. ಆಚೆ ಎಷ್ಟು ದಿನ ಹೊಳೀತೀಯೋ ನಾನೂ ನೋಡ್ತೀನಿ." ದಂಡೆಯಲ್ಲಿ ಬಿದ್ದಿದ್ದ ಫ್ರೊಯಿಲಾನ್‌ನ ಟೋಪಿಯನ್ನು ಒದ್ದು, ತಿರುಗಿ ನೋಡದೆ ಹೋದ.

ಎಲ್ವಿರಾ ತಲೆವಸ್ತ್ರ ಹರಿದು ಫ್ರೊಯಿಲಾನ್‌ನ ಬೆರಳುಗಳಿಗೆ ಕಟ್ಟಿದಳು.

"ಕದ್ದೆ ಅಂತ ಯಾಕೋ ಅಂದೆ?"

"ಆಣೆ ಹಾಕಿಸ್ಕೊಂಡಿದ್ಯಲ್ಲ."

"ದಡ್ಡ." ಗಂಟು ಬಿಗಿದಳು. "ನಾನು ಸೇತುವೆ ಮೇಲೆ ಸುಮ್ನೆ ನಿಂತಿದ್ದೆ. ನೋಡ್ದೆ ತಾನೆ?"

"ನೋಡ್ದೆ. ಆಮೇಲೆ ಹಾರಿದ್ದನ್ನ ನೋಡೋಕಾಗ್ಲಿಲ್ಲ. ನೀರೊಳಗಿದ್ದೆ."

ಅವಳಿಗೆ ನಗು ಬಂತು, ನಗುತ್ತಲೇ ಅವನ ಒಡೆದ ತುಟಿಗೆ ಮುತ್ತಿಟ್ಟಳು. ರಕ್ತದ ರುಚಿ, ಹಿಮದ ತಂಪು. ಅವನು ಬಹಳ ಹೊತ್ತು ಬಿಡಲಿಲ್ಲ. ಬಿಟ್ಟಾಗ ಅವನ ಕಣ್ಣಲ್ಲಿ ಮೊದಲ ಬಾರಿಗೆ ಭಯವಿತ್ತು.

"ಎಲ್ವಿ, ಗುಡ್ಡ ದಾಟಿದ್ರೆ ಹೊಳಪು ಹೋಗುತ್ತಂತಲ್ಲ?"

ಅವಳು ಟೋಪಿ ಎತ್ತಿ ಕೊಡವಿದಳು. ಗರಿಯ ನೊಣ ಇನ್ನೂ ಅಲ್ಲೇ ಇತ್ತು. ಅದನ್ನು ನೆಟ್ಟಗೆ ಮಾಡಿ, ಟೋಪಿಯನ್ನು ಅವನ ತಲೆಗೆ ಇಟ್ಟಳು.

"ಅದು ಹುಂಜಕ್ಕೆ," ಅಂದಳು. "ಏಳು, ನಡಿ."