ಉಣ್ಣೆಮನೆಯಲ್ಲಿ ಮಲಗಿದವರು

"ಆ ಗೋಡೆಗೆ ಸುತ್ತಿಗೆ ಹಾಕಿಸಬೇಡಿ ಧಣಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮಾಡ್ಲಿನಜ್ಜಿ ಹೊಸಿಲಾಚೆಯೇ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ. ಒಂದು ಕಾಲಕ್ಕೆ ಆ ಮನೆಯಲ್ಲಿ ಉಣ್ಣೆ ಹಿಂಜುತ್ತಿದ್ದವರಲ್ಲಿ ಉಳಿದವಳು ಅವಳೊಬ್ಬಳೇ. ಲಂಡನ್ನಿನಿಂದ ಟೆನ್‌ಬೋರ್ನ್ ಪೇಟೆಗೆ ಬಂದು ಮನೆ ಕೊಂಡಿದ್ದ ಉಣ್ಣೆ ವ್ಯಾಪಾರಿ ಗರ್ವೇಸ್ ಆಶ್ಕಮ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕ.

"ಗೋಡೆಯೊಳಗೆ ದೆವ್ವ ಇದೆಯಾ ಅಜ್ಜಿ? ಇದ್ರೆ ಒಳ್ಳೇದೇ ಆಯ್ತು. ಉಣ್ಣೆ ಹಿಂಜೋಕೆ ಕೂರಿಸ್ತೀನಿ."

"ನಗಬೇಡಿ. ದೊಡ್ಡ ಜಾಡ್ಯ ಬಂದ ವರ್ಷ ಹಳೇ ಧಣಿ ಕಾಯಿಲೆ ಬಿದ್ದ ಮುದುಕರನ್ನೆಲ್ಲ ಹಿಂದಿನ ಪಡಸಾಲೆಯಿಂದ ಹಿಮಕ್ಕೆ ದಬ್ಬಿಬಿಟ್ಟ. ಬಾಗಿಲು ಬಡೀತಾ ಬಡೀತಾ ಸತ್ರು. ನಮ್ಮಕ್ಕನೂ ಅವರ ಜೊತೆ ಇದ್ಲು..." ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಸಾಯೋ ಮುಂಚೆ ಒಂದು ಗೊಂಬೆ ಮಾಡಿ, ಈ ಮನೆಗೆ ಯಾರೇ ಯಜಮಾನಿ ಆದ್ರೂ ಅವಳಿಗೆ ತಾಗೋ ಹಾಗೆ ಮಾಟ ಮಾಡಿದ್ಲು. ಪಾದ್ರಿಗಳು ಆ ಗೊಂಬೇನ ಗೋಡೆಯೊಳಗೆ ಕಟ್ಟಿಸಿದ್ರು. ಗೋಡೆ ಮುಟ್ಟಬೇಡಿ, ಹಿಂದಿನ ಬಾಗಿಲಿಗೆ ಅಗುಳಿ ಹಾಕಬೇಡಿ ಅಂದ್ರು. ಅಷ್ಟು ಮಾಡಿ, ಸಾಕು."

ಗರ್ವೇಸ್ ಎರಡು ಮಾತನ್ನೂ ಕೇಳಲಿಲ್ಲ. ಹಿಂದಿನ ಪಡಸಾಲೆ ಅವನಿಗೆ ಉಣ್ಣೆ ಪೇರಿಸಲು ಬೇಕಿತ್ತು; ಅಂದೇ ಬಾಗಿಲಿಗೆ ಅಗುಳಿ ಬಿತ್ತು. ಹೆಂಡತಿ ಏವಿಸ್‌ಗೆ ಈ ಊರಿನ ಚಳಿ ತಡೆಯುತ್ತಿರಲಿಲ್ಲ. ಅಗ್ಗಿಷ್ಟಿಕೆ ಅಗಲ ಮಾಡಿಸಲೆಂದು ಅವನು ಗಾರೆಯವನಿಗೆ ಗೋಡೆ ತೋರಿಸಿದ.

ಕಲ್ಲು ಕಳಚಿದಾಗ ಒಳಗಿನಿಂದ ಹಳಸಿದ ಕುರಿಕೊಬ್ಬಿನ ವಾಸನೆ ಬಂತು. ಜಿಡ್ಡುಗಟ್ಟಿ ಕಪ್ಪಾದ ಉಣ್ಣೆಯ ಗಂಟು. ಬಿಚ್ಚಿದರೆ ಮುಳ್ಳುಗಳ ನಡುವೆ ಅಂಗೈಯಗಲದ ಒಂದು ಮೇಣದ ಹೆಂಗಸು. ತಲೆಗೆ ನಿಜವಾದ ಕೂದಲು. ಕಣ್ಣಿಲ್ಲ, ಮೂಗಿಲ್ಲ, ಬಾಯಿ ಮಾತ್ರ ಇತ್ತು, ಅದೂ ತೆರೆದಿತ್ತು. ಗಾರೆಯವನು ಸುತ್ತಿಗೆ ಅಲ್ಲೇ ಬಿಟ್ಟು ಹೊರಟೇಹೋದ.

"ಇಷ್ಟಕ್ಕಾ ಇಷ್ಟು ರಂಪ?" ಎಂದು ಗರ್ವೇಸ್ ಅದನ್ನು ಬೆಂಕಿಗೆಸೆದ.

ಕೂದಲು ಚರಚರ ಸುಟ್ಟುಹೋಯಿತು. ಮೇಣ ಕರಗುತ್ತ ಸಣ್ಣಗೆ, ಹೆಂಗಸು ಹಲ್ಲು ಕಚ್ಚಿ ನರಳುವಂತೆ, ಸದ್ದು ಮಾಡಿತು. ಆಮೇಲೆ ಮಹಡಿಯಿಂದ ಏವಿಸ್ ಕೂಗಿದಳು: "ರೀ, ಹಿಂದಿನ ಬಾಗಿಲು ಯಾರೋ ಬಡೀತಿದ್ದಾರೆ. ನೋಡಬಾರದಾ?"

ಅವನು ಅಗುಳಿ ತೆಗೆದ. ಹೊರಗೆ ಮಂಜು, ಮತ್ತೇನಿಲ್ಲ. ಆದರೆ ತೋಳಿಗೆ ತಣ್ಣನೆಯದೇನೋ ಸವರಿಕೊಂಡು ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು. ಮತ್ತೊಂದು. ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡುತ್ತ ಪಡಸಾಲೆ ಸೇರಿದವು. ಹಾಸಿದ್ದ ಹುಲ್ಲು ಅಲ್ಲಲ್ಲಿ, ಯಾರೋ ಮಲಗಿದ ಹಾಗೆ, ತಗ್ಗಾಯಿತು.

ಬೆಳಗಾಗುವಷ್ಟರಲ್ಲಿ ಏವಿಸ್ ಹಾಸಿಗೆ ಹಿಡಿದಿದ್ದಳು. ಅವಳ ಹಣೆಯಲ್ಲಿ ಮೂಡಿದ ಬೆವರು ಜಾರಿ ದಿಂಬು ಮುಟ್ಟುವ ಮೊದಲೇ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಗರ್ವೇಸ್ ಕೈ ಹಿಡಿದರೆ ಅವನ ಬೆರಳಿನ ಗುರುತು ಅವಳ ಚರ್ಮದಲ್ಲಿ ಹಾಗೇ ಉಳಿಯಿತು, ಮಾಸಲಿಲ್ಲ. ಜ್ವರ ಇಳಿಸಲೆಂದು ರಕ್ತ ತೆಗೆಯಲು ಬಂದ ಕ್ಷೌರಿಕ ಬಟ್ಟಲಲ್ಲಿ ಬಿದ್ದ ಬಿಳಿ ಮೇಣ ನೋಡಿ ಬಟ್ಟಲನ್ನೂ ಬಿಟ್ಟು ಓಡಿದ.

ಅಂದಿನಿಂದ ಗರ್ವೇಸ್‌ಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮೆಟ್ಟಿಲು ಹತ್ತುತ್ತಿದ್ದ, ಇಳಿಯುತ್ತಿದ್ದ. ಬೆಂಕಿ ಆರಿಸಿದರೂ ಮನೆತುಂಬ ಸುಟ್ಟ ಕೂದಲಿನ ನಾತ. ಹಿಂದಿನ ಬಾಗಿಲನ್ನು ಹಾರು ಹೊಡೆದೇ ಇಟ್ಟಿದ್ದರೂ ಬಡಿತ ನಿಲ್ಲಲಿಲ್ಲ. ಪಡಸಾಲೆಯಲ್ಲಿದ್ದ ಬಡಿತ ಮೆಟ್ಟಿಲಿಗೆ ಬಂತು. ಮೆಟ್ಟಿಲಿನಿಂದ ಏವಿಸ್ ಮಲಗಿದ್ದ ಕೋಣೆಯ ಬಾಗಿಲಿಗೆ ಬಂತು.

ಒಂದು ಮಧ್ಯಾಹ್ನ, ಆಲಿಕಲ್ಲು ಸುರಿಯುತ್ತಿದ್ದಾಗ, ಹಾಬ್ಕಿನ್ ಎಂಬ ಕುಂಟ ಭಿಕ್ಷುಕ ತೆರೆದ ಬಾಗಿಲು ಕಂಡು ಒಳಗೆ ಬಂದು ಹುಲ್ಲಿನ ಒಂದು ತಗ್ಗಿನಲ್ಲಿ ಮುದುಡಿ ಮಲಗಿದ. ಒದೆಯಲು ಕಾಲೆತ್ತಿದ ಗರ್ವೇಸ್ ಹಾಗೇ ನಿಂತ. ಮೇಲೆ ಬಡಿಯುತ್ತಿದ್ದ ಕೈಗಳಲ್ಲಿ ಒಂದು ಕಡಿಮೆಯಾಗಿತ್ತು. ಏವಿಸ್ ಒಮ್ಮೆ ಉಸಿರು ತುಂಬಿ ಎಳೆದುಕೊಂಡಳು.

ಅವನಿಗೆ ಹೊಳೆಯಿತು.

ಓಡಿದ. ಟೋಪಿಯಿಲ್ಲ, ನಿಲುವಂಗಿಯಿಲ್ಲ. ಚರ್ಚಿನ ಜಗಲಿಗೆ. ಸೇತುವೆಯ ಕೆಳಗೆ. ಸುಣ್ಣದ ಗೂಡಿಗೆ. "ಬನ್ನಿ, ಊಟ ಇದೆ, ಹಾಸಿಗೆ ಇದೆ, ಬನ್ನಿ!" ಬಾರದವರ ತೋಳು ಹಿಡಿದೆಳೆದ. ನಡೆಯಲಾರದ ಮುದುಕನನ್ನು ಹೊತ್ತು ತಂದ.

"ಶ್ರೀಮಂತರಿಗೆ ತಲೆ ಕೆಟ್ರೆ ಬಡವರಿಗೆ ಊಟ ಗಟ್ಟಿ" ಎಂದು ಹಾಬ್ಕಿನ್ ನಕ್ಕ.

ಕುರುಡಿಯೊಬ್ಬಳು ಮಲಗಿದವಳೇ ಪಕ್ಕಕ್ಕೆ ತಡವಿದಳು. "ಧಣಿ, ಯಾರೋ ಸರಿದು ಜಾಗ ಬಿಟ್ಟ ಹಾಗಾಯ್ತು. ಇಲ್ಲಿ ಯಾರಿದ್ರು?"

ತಗ್ಗುಗಳು ತುಂಬುತ್ತ ಬಂದವು. ಬಡಿತ ಕ್ಷೀಣಿಸಿತು. ಕೊನೆಗೆ ಒಂದೇ ತಗ್ಗು, ಗೊಂಬೆ ಸಿಕ್ಕಿದ್ದ ಗೋಡೆಯ ಬುಡದಲ್ಲಿ. ಒಂದೇ ಕೈಯ ಬಡಿತ. ಅದಕ್ಕೆ ಮಾತ್ರ ಸಿಟ್ಟಿತ್ತು. ಯಾರನ್ನು ಮಲಗಿಸಿದರೂ ಚೀರಿ ಎದ್ದುಬಿಡುತ್ತಿದ್ದರು.

ಗರ್ವೇಸ್ ಮಾಡ್ಲಿನಜ್ಜಿಯ ಗುಡಿಸಲಿಗೆ ಹೋಗಿ ಮಂಡಿಯೂರಿದ. "ನೀನು ಬಾ ತಾಯಿ. ನಿನ್ನ ಒಡಹುಟ್ಟಿದವಳಲ್ವಾ? ನಿನ್ನ ಮಾತು ಕೇಳ್ತಾಳೆ."

ಅಜ್ಜಿ ಒಪ್ಪಲಿಲ್ಲ. "ಬದುಕಿದ್ದಾಗಲೇ ನನ್ನ ಮಾತು ಕೇಳಲಿಲ್ಲ ಅವಳು. ಗೊಂಬೆ ಸುಟ್ಟಿದ್ದು ಯಾರ ಕೈ ಧಣಿ? ಅವಳಿಗೆ ಬೇಕಾಗಿರೋದು ಆ ಕೈ."

ಮರಳುವಾಗ ಸಂಜೆಗತ್ತಲು ಕವಿಯುತ್ತಿತ್ತು. ಮಹಡಿಯಲ್ಲಿ ಏವಿಸ್‌ಳ ಮೂಗಿನ ತುದಿ ಮೊಂಡಾಗಿತ್ತು. ತುಟಿಗಳು ಒಂದಕ್ಕೊಂದು ಅಂಟುತ್ತಿದ್ದವು. ಕಣ್ಣುಗಳು ಮಾತ್ರ ಅವನನ್ನು ಹುಡುಕುತ್ತಿದ್ದವು.

ಅವನು ಇಳಿದು ಬಂದ. ಗೋಡೆಯ ಬುಡಕ್ಕೆ ಹೋದ. ಮಲಗಿದ.

ಹುಲ್ಲು ಒದ್ದೆ. ಹಿಮದಂತೆ ತಣ್ಣಗೆ. ಬೆನ್ನ ಕೆಳಗೆ ಏನೋ ಮಿಸುಕಿತು. ಒಂದು ತೋಳು ಸೊಂಟ ಬಳಸಿತು. ಇನ್ನೊಂದು ಎದೆ ಬಳಸಿತು. ಕಿವಿಯ ಹತ್ತಿರ ಉಸಿರಿಲ್ಲದ ಬಾಯಿ. ಅವನು ಕೂಗಲಿಲ್ಲ. ಹಲ್ಲು ಕಚ್ಚಿದ. ಬಡಿತ ನಿಂತಿತು.

"ರೀ," ಮೇಲಿನಿಂದ ಏವಿಸ್‌ಳ ದನಿ ಸ್ಪಷ್ಟವಾಗಿ ಕೇಳಿತು, "ಬಾಯಾರಿಕೆ ಆಗ್ತಿದೆ. ಎಲ್ಲಿ ಹೋದ್ರಿ?"

ವಸಂತ ಬರುವಷ್ಟರಲ್ಲಿ ಗರ್ವೇಸ್ ಆ ಮನೆಯನ್ನೂ ಕುರಿಗಾವಲುಗಳನ್ನೂ ಊರಿನ ನಿರ್ಗತಿಕ ಮುದುಕರ ಹೆಸರಿಗೆ ಬರೆದುಕೊಟ್ಟ. ಎಂಥ ಪುಣ್ಯವಂತ, ತಾನು ತೆರೆದ ಧರ್ಮಶಾಲೆಯಲ್ಲಿ ತಾನೇ ಬಡವರ ನಡುವೆ ಮಲಗುತ್ತಾನೆ ಎಂದು ಜನ ಕೊಂಡಾಡಿದರು. ಒಮ್ಮೆ ಮಾತ್ರ ಉಣ್ಣೆಯ ವ್ಯಾಪಾರಕ್ಕೆಂದು ಪಕ್ಕದ ಊರಿಗೆ ಹೋಗಿ ಕತ್ತಲಾಗುವುದರೊಳಗೆ ಮರಳಲಾಗದೆ, ಆಮೇಲೆ ಕುದುರೆ ಸಾಯುವಂತೆ ಓಡಿಸಿಕೊಂಡು ಬಂದಿದ್ದ. ಅಷ್ಟರಲ್ಲಿ ಏವಿಸ್‌ಳ ಎಡಗೈಯ ಕಿರುಬೆರಳು ಪಕ್ಕದ ಬೆರಳಿಗೆ ಕೂಡಿಕೊಂಡುಬಿಟ್ಟಿತ್ತು.

ಏವಿಸ್ ಜ್ವರದ ದಿನಗಳನ್ನು ಮರೆತಿದ್ದಳು. ಅವನು ಹೇಳಿದ್ದನ್ನು ನಂಬಲಿಲ್ಲ. ಈಸ್ಟರ್ ಹಬ್ಬದ ಸಂಜೆ, ಸೇತುವೆಯಾಚೆಯ ತನ್ನ ಹೊಸ ಮನೆಯಿಂದ ಕುರಿಮಾಂಸದ ವಾಸನೆ ಹೊತ್ತ ಹಬ್ಬದ ಬಟ್ಟೆಯಲ್ಲೇ ಬಂದು ಪಡಸಾಲೆಯಲ್ಲಿ ಅವನ ಹಾಸಿಗೆಯ ಬಳಿ ನಿಂತಳು.

"ಇವತ್ತೊಂದು ದಿನ ಮನೆಗೆ ಬನ್ನಿ. ಇಬ್ಬರೂ ಒಟ್ಟಿಗೆ ಊಟ ಮಾಡೋಣ. ನಾನೇನು ತಪ್ಪು ಮಾಡಿದೀನಿ ಅಂತ ಹೀಗೆ ಮಾಡ್ತೀರಿ?"

ಅವಳು ಅವನ ಕೈ ಹಿಡಿದೆಳೆದಳು. ಅವನು ಅರ್ಧ ಎದ್ದ. ಅವಳ ಕೆನ್ನೆಯ ಮೇಲೆ ಒಂದು ಬೆಳ್ಳನೆಯ ಹನಿ ಜಾರಿ ಅಲ್ಲೇ ಹೆಪ್ಪುಗಟ್ಟಿ ನಿಂತಿತು.

"ನಿನ್ನ ಮುಖ ನೋಡೋಕೆ ನಂಗಿಷ್ಟ ಇಲ್ಲ," ಎಂದ ಗರ್ವೇಸ್. "ಹೋಗು. ಇನ್ನು ಈ ಬಾಗಿಲಿಗೆ ಬರಬೇಡ."

ಅವಳು ಕೆನ್ನೆ ಒರೆಸಿಕೊಂಡು ಹೊರಟುಹೋದಳು. ಅವಳ ಹೆಜ್ಜೆ ಬೀದಿಯ ಕಲ್ಲುಗಳ ಮೇಲೆ ಸಾಗಿ, ಸೇತುವೆ ದಾಟಿ, ಕೇಳದಾಗುವವರೆಗೂ ಅವನು ಕಿವಿಗೊಟ್ಟಿದ್ದ. ಕಂಬಳಿಯ ಕೆಳಗೆ ಅವನ ಕಾಲುಗಳು ಎದ್ದು ಓಡಲು ತವಕಿಸುತ್ತಿದ್ದವು. ಸೊಂಟ ಬಳಸಿದ ತೋಳು ಇನ್ನಷ್ಟು ಬಿಗಿಯಿತು.